ಸವನ್ನಾಕ್ಕೆ ಬೇಲಿ ಹಾಕಿ ಇಷ್ಟು ವರ್ಷ ಏನು ನೋಡುತ್ತಾರೆ?

ಪ್ರಶ್ನೆ: ಹುಲ್ಲುಹಾದಿ

ಕೀನ್ಯಾದ ಲೈಕಿಪಿಯಾದಲ್ಲಿ ಎಂಪಾಲಾ ಸಂಶೋಧನಾ ಕೇಂದ್ರ ಅಂತ ಇದೆ. ಅಲ್ಲಿನ ಸವನ್ನಾದಲ್ಲಿ, ಅಂದರೆ ಅಲ್ಲಲ್ಲಿ ಮರಗಳಿರುವ ಹುಲ್ಲುಗಾವಲಿನಲ್ಲಿ, ವಿಶ್ವವಿದ್ಯಾಲಯದ ತಂಡವೊಂದು 1995ರಲ್ಲಿ ಬೇಲಿ ಹಾಕಿ ಶುರು ಮಾಡಿದ ಪ್ರಯೋಗವನ್ನು ದಶಕಗಟ್ಟಲೆ ನಡೆಸಿಕೊಂಡು ಬಂದಿದೆಯಂತೆ. ನಾನು ಎಂಎಸ್ಸಿ ಓದುತ್ತಿದ್ದೇನೆ, ಇಕಾಲಜಿಯಲ್ಲೇ ಮುಂದುವರಿಯುವ ಆಸೆ. ಪ್ರಾಣಿಗಳನ್ನು ಹೊರಗಿಟ್ಟರೆ ಹುಲ್ಲು, ಮರ ಜಾಸ್ತಿ ಆಗುತ್ತವೆ, ಅಷ್ಟೇ ಅಲ್ವಾ? ಅದನ್ನು ತಿಳಿಯಲು ನಾಲ್ಕೈದು ವರ್ಷ ಸಾಲದೇ?

ಉತ್ತರ: ಎರೆಮಣ್ಣು

ಸಾಲದು. ಮೊದಲು ಬೇಲಿಗಳನ್ನು ನೋಡಿ, ಎಲ್ಲವೂ ಒಂದೇ ಥರ ಇಲ್ಲ. ತಲಾ 4 ಹೆಕ್ಟೇರಿನ 18 ತುಂಡು ಜಾಗಗಳಿವೆ. ಕೆಲವಕ್ಕೆ ದನ ಮಾತ್ರ ಹೋಗಬಹುದು, ಕೆಲವಕ್ಕೆ ಜೀಬ್ರಾ, ಕಾಡೆಮ್ಮೆ ಹೋಗಬಹುದು ಆದರೆ ಆನೆ, ಜಿರಾಫೆ ಹೋಗುವ ಹಾಗಿಲ್ಲ, ಅದಕ್ಕೆ ತಂತಿಯನ್ನು ಎತ್ತರದಲ್ಲಿ ಕಟ್ಟಿದ್ದಾರೆ, ಚಿಕ್ಕವು ಕೆಳಗೆ ನುಸುಳುತ್ತವೆ. ಕೆಲವು ಎಲ್ಲರಿಗೂ ಬಂದ್, ಕೆಲವು ಪೂರ್ತಿ ತೆರೆದಿವೆ. ಹೀಗಾಗಿ ಯಾವ ಪ್ರಾಣಿ ಏನು ಮಾಡುತ್ತದೆ ಎಂದು ಬಿಡಿಸಿ ಹೇಳಬಹುದು.

ಜೀಬ್ರಾಗಳು ದನದ ಮೇವು ಕಸಿಯುತ್ತವೆ ಎನ್ನುವುದು ದನ ಸಾಕುವವರ ಹಳೇ ದೂರು. ಬೇಸಿಗೆಯಲ್ಲಿ ಅದು ನಿಜ ಎಂದೇ ಈ ಪ್ರಯೋಗ ತೋರಿಸಿತು. ಆದರೆ ಮಳೆಗಾಲದಲ್ಲಿ ಕಾಡುಪ್ರಾಣಿಗಳು ಒಣಗಿದ ದಂಟನ್ನೆಲ್ಲ ಮೇಯ್ದು ಎಳೆ ಹುಲ್ಲಿಗೆ ದಾರಿ ಬಿಡುತ್ತವೆ, ಜೊತೆಗೆ ಮೇಯ್ದ ದನಗಳು ಇನ್ನೂ ಚೆನ್ನಾಗಿ ಮೈ ತುಂಬಿಕೊಂಡವು. ಒಂದೇ ಋತು ನೋಡಿ ಬಂದಿದ್ದರೆ ಅರ್ಧ ಸತ್ಯವಷ್ಟೇ ಸಿಗುತ್ತಿತ್ತು.

ಉತ್ತರ: ಮುಳ್ಳುಜಾಲಿ

ಮರ ಜಾಸ್ತಿ ಆಗುತ್ತದೆ ಎಂದಿರಲ್ಲ, ಅದು ಅಷ್ಟು ಸುಲಭವಲ್ಲ. ಅಲ್ಲಿನ ಎರೆಭೂಮಿಯಲ್ಲಿ ಬಹುಪಾಲು ಒಂದೇ ಜಾತಿಯ ಜಾಲಿ ಮರ. ಅದರ ಮುಳ್ಳಿನ ಬುಡ ಉಬ್ಬಿ ಟೊಳ್ಳಾಗಿರುತ್ತದೆ, ಒಳಗೆ ಇರುವೆಗಳು ಗೂಡು ಮಾಡುತ್ತವೆ. ಮರ ಮಕರಂದ ಕೊಡುತ್ತದೆ, ಇರುವೆಗಳು ಆನೆಯನ್ನು ಕೂಡ ಓಡಿಸುತ್ತವೆ. ದೊಡ್ಡ ಪ್ರಾಣಿಗಳನ್ನು ಹತ್ತು ವರ್ಷ ಹೊರಗಿಟ್ಟ ಮೇಲೆ ಕಾವಲಿನ ಅಗತ್ಯವೇ ಇಲ್ಲದ ಮರಗಳು ಮಕರಂದ, ಟೊಳ್ಳು ಮುಳ್ಳು ಎರಡನ್ನೂ ಕಡಿಮೆ ಮಾಡಿದವು. ಆಗ ಕಾವಲಿಗೆ ಬಾರದ ಬೇರೆ ಜಾತಿಯ ಇರುವೆ ಸೇರಿಕೊಂಡಿತು, ಅದಕ್ಕೆ ಕಾಂಡ ಕೊರೆಯುವ ದುಂಬಿ ಮಾಡಿದ ತೂತುಗಳೇ ಮನೆ. ಕೊನೆಗೆ ಆನೆ, ಜಿರಾಫೆ ಬಾರದ ಜಾಗದಲ್ಲೇ ಮರಗಳು ನಿಧಾನ ಬೆಳೆದವು, ಜಾಸ್ತಿ ಸತ್ತವು! 2008ರಲ್ಲಿ ಇದು ಪ್ರಕಟವಾಯಿತು. ನಾಲ್ಕೈದು ವರ್ಷಕ್ಕೆ ಬೇಲಿ ಕಿತ್ತಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಹುಲ್ಲುಹಾದಿ

ಇದನ್ನು ಊಹಿಸಿಯೇ ಇರಲಿಲ್ಲ. ಬೆಂಕಿಯನ್ನೂ ಹೀಗೇ ಪರೀಕ್ಷಿಸುತ್ತಾರಾ?

ಉತ್ತರ: ಕರಿಬೂದಿ

ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ 1954ರಿಂದ ಬೇಕೆಂದೇ ಬೆಂಕಿ ಹಾಕಿ ನೋಡುತ್ತಿದ್ದಾರೆ. ಒಂದು ಜಾಗಕ್ಕೆ ಪ್ರತಿ ವರ್ಷ, ಇನ್ನೊಂದಕ್ಕೆ ಎರಡು ಮೂರು ವರ್ಷಕ್ಕೊಮ್ಮೆ, ಮತ್ತೊಂದಕ್ಕೆ ಬೆಂಕಿಯೇ ಇಲ್ಲ. ಬೆಂಕಿ ಬಿದ್ದಾಗ ಎಳೆ ಗಿಡದ ತಲೆ ಸುಡುತ್ತದೆ, ಬೇರಿನಿಂದ ಮತ್ತೆ ಚಿಗುರುತ್ತದೆ, ಮತ್ತೆ ಸುಡುತ್ತದೆ. ಜ್ವಾಲೆಗೆ ಸಿಗದ ಎತ್ತರಕ್ಕೆ ಬೆಳೆಯುವಷ್ಟು ಬಿಡುವು ಸಿಕ್ಕರೆ ಮಾತ್ರ ಅದು ಮರವಾಗುತ್ತದೆ.

ಆದರೆ ಬರೀ ತುಂಡು ಜಾಗದ ಪ್ರಯೋಗವನ್ನೇ ನಂಬಿ ಕೂರಬೇಡಿ, ಟಾಂಜಾನಿಯಾದ ಸೆರೆಂಗೆಟಿ ಹುಲ್ಲುಗಾವಲಿನ ಕಥೆ ಯಾವ ಬೇಲಿಯೊಳಗೂ ಹಿಡಿಸುವುದಿಲ್ಲ. ರಿಂಡರ್‌ಪೆಸ್ಟ್ ಎಂಬ ದನದ ಪಿಡುಗಿಗೆ ಸುತ್ತಲಿನ ದನಗಳಿಗೆ ಲಸಿಕೆ ಹಾಕಿದರು, 1960ರ ದಶಕದಲ್ಲಿ ಆ ರೋಗ ಹಿಂಡುಹಿಂಡಾಗಿ ಮೇಯುವ ವೈಲ್ಡ್‌ಬೀಸ್ಟ್ ಎಂಬ ಕಾಡುಪ್ರಾಣಿಗಳಲ್ಲೂ ನಿಂತಿತು. ಸುಮಾರು ಎರಡೂವರೆ ಲಕ್ಷವಿದ್ದ ಅವು 1970ರ ದಶಕದ ಕೊನೆಗೆ ಹತ್ತು ಲಕ್ಷ ದಾಟಿದವು. ಅಷ್ಟು ಬಾಯಿ ಮೇಯ್ದ ಮೇಲೆ ಸುಡಲು ಹುಲ್ಲೇ ಉಳಿಯಲಿಲ್ಲ, ಬೆಂಕಿ ಕಡಿಮೆಯಾಯಿತು, ಮರ ಹೆಚ್ಚಿತು. ದನಕ್ಕೆ ಹಾಕಿದ ಲಸಿಕೆ ಮರಗಳನ್ನು ಬೆಳೆಸಿತು, ನೋಡಿ.

ಉತ್ತರ: ಎರೆಮಣ್ಣು

ಒಪ್ಪುತ್ತೇನೆ, ಎರಡೂ ಬೇಕು. ಮುಂದುವರಿಯುವ ಆಸೆ ಇದ್ದರೆ ಈಗಿನಿಂದಲೇ ಹುಲ್ಲಿನ ಜಾತಿ ಗುರುತಿಸುವುದು, ಅಂಕಿಅಂಶದ ಲೆಕ್ಕ, ಎರಡನ್ನೂ ಕಲಿಯಿರಿ. ಕೀನ್ಯಾಕ್ಕೆ ಹೋಗುವುದಾದರೆ ಅಲ್ಲಿನ ನ್ಯಾಕೋಸ್ಟಿ ಎಂಬ ಸರ್ಕಾರಿ ವಿಜ್ಞಾನ ಆಯೋಗದಿಂದ ಸಂಶೋಧನಾ ಲೈಸೆನ್ಸ್ ಬೇಕಾಗುತ್ತದೆ, ಆದ್ದರಿಂದ ಮೊದಲು ಅಲ್ಲಿ ಕೆಲಸ ಮಾಡುತ್ತಿರುವ ತಂಡವೊಂದಕ್ಕೆ ಪತ್ರ ಬರೆಯಿರಿ.