ಮೊದಲು ಹೆಸರು ಸರಿ ಮಾಡಿಸಿ, ಆಮೇಲೆ ವೋಟು: ಟೆಕ್ಸಾಸ್‌ನಲ್ಲಿರುವ ನಮ್ಮವರಿಗೆ

ಮಗಳಿಗೆ ಹದಿನೆಂಟು ತುಂಬುತ್ತಿದೆ, ವೋಟು ಹಾಕೋಕೆ ಏನೇನು ಬೇಕು ಅಂತ ಡಲ್ಲಾಸ್ ಕಡೆಯ ಅಕ್ಕ ಒಬ್ಬರು ಕೇಳಿದ್ದರು. ಉತ್ತರ ಉದ್ದವಾಯಿತು. ಎಲ್ಲರಿಗೂ ಉಪಯೋಗಕ್ಕೆ ಬರಲಿ ಅಂತ ಇಲ್ಲೇ ಹಾಕುತ್ತಿದ್ದೇನೆ.

ಅಕ್ಕ, ಮಗಳ ವಿಷಯ ಸುಲಭ. 17 ವರ್ಷ 10 ತಿಂಗಳಾದರೆ ಟೆಕ್ಸಾಸ್‌ನಲ್ಲಿ ಹೆಸರು ನೋಂದಾಯಿಸಬಹುದು. ಹೈಸ್ಕೂಲಿನಲ್ಲೇ ವರ್ಷಕ್ಕೆ ಎರಡು ಸಲವಾದರೂ ಅರ್ಜಿ ಹಂಚಬೇಕು ಅಂತ ಇಲ್ಲಿ ಕಾನೂನಿದೆ. ಕೊಡದಿದ್ದರೆ ಅವಳೇ ಕೇಳಿ ತಗೊಳ್ಳಲಿ. ಅರ್ಜಿ ತುಂಬಿ, ಸಹಿ ಹಾಕಿ, ಚುನಾವಣೆಗೆ 30 ದಿನ ಮುಂಚೆ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಆಫೀಸಿಗೆ ಕಳಿಸಬೇಕು. ಡ್ರೈವಿಂಗ್ ಲೈಸೆನ್ಸ್ ನವೀಕರಿಸುವಾಗ ಬಿಟ್ಟರೆ ಆನ್‌ಲೈನಿನಲ್ಲಿ ನೋಂದಣಿ ಇಲ್ಲ.

ಆದರೆ ಕಾಲೇಜಿಗೆ ಹೋಗುವ ಮುಂಚೆ ಒಂದು ಮಾತು ಹೇಳಿ ಕಳಿಸಿ. ಕಾಲೇಜಿನ ಐಡಿ ತೋರಿಸಿದರೆ ಇಲ್ಲಿ ವೋಟು ಹಾಕಲು ಬಿಡುವುದಿಲ್ಲ. ರಾಜ್ಯದ್ದೇ ಯೂನಿವರ್ಸಿಟಿ ಕೊಟ್ಟ ಕಾರ್ಡ್ ಆದರೂ ಅಷ್ಟೇ. 2011ರಲ್ಲಿ ಪಾಸಾಗಿ 2013ರಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ ನಡೆಯುವುದು ಏಳೇ ಐಡಿ: ಡ್ರೈವಿಂಗ್ ಲೈಸೆನ್ಸ್, ಸ್ಟೇಟ್ ಐಡಿ, ಅಮೆರಿಕದ ಪಾಸ್‌ಪೋರ್ಟ್, ಫೋಟೋ ಇರುವ ಪೌರತ್ವ ಪತ್ರ, ಮಿಲಿಟರಿ ಐಡಿ, ಬಂದೂಕಿನ ಲೈಸೆನ್ಸ್, ಇವ್ಯಾವುದೂ ಇಲ್ಲದವರಿಗೆ ರಾಜ್ಯ ಪುಕ್ಕಟೆ ಕೊಡುವ ಎಲೆಕ್ಷನ್ ಐಡಿ. ಬಂದೂಕಿನ ಲೈಸೆನ್ಸ್ ನಡೆಯುತ್ತದೆ, ವಿದ್ಯಾರ್ಥಿಯ ಕಾರ್ಡ್ ನಡೆಯುವುದಿಲ್ಲ. ಇದು ನ್ಯಾಯ ಅಂತ ನನಗೆ ಯಾವತ್ತೂ ಅನಿಸಿಲ್ಲ. ನಾರ್ತ್ ಕ್ಯಾರೊಲಿನಾದಲ್ಲೂ ಫೋಟೋ ಐಡಿ ಕೇಳುತ್ತಾರೆ, ಆದರೆ ಅಲ್ಲಿ ಒಪ್ಪಿಗೆ ಪಡೆದ ಕಾಲೇಜುಗಳ ಕಾರ್ಡ್ ನಡೆಯುತ್ತದೆ.

ಐಡಿ ಕೇಳುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಊರಲ್ಲೂ ಕೇಳುತ್ತಾರಲ್ವಾ? ಆದರೆ ಅಲ್ಲಿ ವೋಟರ್ ಕಾರ್ಡನ್ನು ಚುನಾವಣಾ ಆಯೋಗವೇ ಮಾಡಿಕೊಡುತ್ತದೆ. ಲಿಸ್ಟಿನಲ್ಲಿ ಹೆಸರಿದ್ದು ಕಾರ್ಡ್ ಇಲ್ಲದಿದ್ದರೆ ಆಧಾರ್, ಪ್ಯಾನ್, ಫೋಟೋ ಇರುವ ಬ್ಯಾಂಕ್ ಪಾಸ್‌ಬುಕ್, ನರೇಗಾ ಜಾಬ್ ಕಾರ್ಡ್ ಕೂಡ ನಡೆಯುತ್ತದೆ. ಇಲ್ಲಿ ಪಟ್ಟಿ ಚಿಕ್ಕದು. ಅದೂ ರಾಜ್ಯ ಬದಲಾದರೆ ಬದಲಾಗುತ್ತದೆ.

ನಮ್ಮವರಲ್ಲಿ ಐಡಿ ಇಲ್ಲದವರು ಕಡಿಮೆ. ನಮ್ಮ ತೊಂದರೆ ಹೆಸರಿನದ್ದು. ಒಂದು ಕಾಗದದಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಅಪ್ಪನ ಹೆಸರು, ಮತ್ತೊಂದರಲ್ಲಿ ಊರಿನ ಹೆಸರು. ಭಾರತದ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟವರಿಗೆ ವೀಸಾದಲ್ಲಿ ಇರುವ ಒಂದು ಹೆಸರನ್ನೇ ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಹಾಕುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ. ಅದೇ ಲೈಸೆನ್ಸಿಗೂ ಹೋಗಿ ಕೂರುತ್ತದೆ. ನನ್ನ ಹೆಂಡತಿಯ ಲೈಸೆನ್ಸಿನಲ್ಲಿ ಮಾವನವರ ಹೆಸರು ಪೂರ್ತಿ ಇತ್ತು, ಮತದಾರರ ಪಟ್ಟಿಯಲ್ಲಿ ಒಂದೇ ಅಕ್ಷರ. ಮತಗಟ್ಟೆಯಲ್ಲಿದ್ದ ಹಿರಿಯ ಹೆಂಗಸು ಎರಡನ್ನೂ ಅಕ್ಕಪಕ್ಕ ಇಟ್ಟು ನಿಧಾನವಾಗಿ ನೋಡಿದರು. ಆಮೇಲೆ 'ನಾನೇ ಈ ವ್ಯಕ್ತಿ' ಅನ್ನುವ ಚೌಕದಲ್ಲಿ ಚಿಕ್ಕ ಸಹಿ ಹಾಕಿಸಿಕೊಂಡು ಬಿಟ್ಟರು. ಹೆಸರು ಹೆಚ್ಚುಕಡಿಮೆ ಹೊಂದಿದರೆ ಸಾಕು ಅಂತ ಟೆಕ್ಸಾಸ್ ನಿಯಮವೇ ಹೇಳುತ್ತದೆ. ಆದರೆ ಹೊಂದುತ್ತದೋ ಇಲ್ಲವೋ ಅಂತ ತೀರ್ಮಾನಿಸುವುದು ಎದುರಿಗೆ ಕೂತವರು. ನಮ್ಮ ಹೆಸರುಗಳ ಕಟ್ಟು ಅವರಿಗೆ ಗೊತ್ತಿರಬೇಕಾಗಿಲ್ಲ. ವಿಳಾಸದ ಬಗ್ಗೆ ಮಾತ್ರ ಚಿಂತೆ ಬೇಡ, ಐಡಿಯಲ್ಲಿ ಹಳೇ ಮನೆಯದ್ದಿದ್ದರೂ ನಡೆಯುತ್ತದೆ.

ಹಾಗಾಗಿ ಪೌರತ್ವಕ್ಕೆ ಅರ್ಜಿ ಹಾಕುವಾಗಲೇ ಹೆಸರು ಸರಿ ಮಾಡಿಸಿಕೊಳ್ಳಿ. ಎನ್-400 ಅರ್ಜಿಯಲ್ಲೇ ಹೆಸರು ಬದಲಿಸಬೇಕಾ ಅಂತ ಒಂದು ಪ್ರಶ್ನೆ ಇದೆ. ಬೇಕು ಅಂದರೆ ಕೋರ್ಟಿನಲ್ಲಿ ಪ್ರಮಾಣ ಮಾಡಬೇಕು, ಸ್ವಲ್ಪ ಕಾಯಬೇಕಾಗಬಹುದು, ಆದರೆ ಬೇರೆ ಖರ್ಚಿಲ್ಲದೆ ಕೆಲಸ ಮುಗಿಯುತ್ತದೆ. ಪೌರತ್ವ ಪತ್ರ ಕೈಗೆ ಬಂದ ಮೇಲೆ ಮೊದಲು ಸೋಶಿಯಲ್ ಸೆಕ್ಯೂರಿಟಿ ಆಫೀಸು, ಆಮೇಲೆ ಡಿಪಿಎಸ್‌ನಲ್ಲಿ (ಲೈಸೆನ್ಸ್ ಕೊಡುವ ರಾಜ್ಯದ ಇಲಾಖೆ) ಲೈಸೆನ್ಸ್, ಆಮೇಲೆ ಮತದಾರರ ನೋಂದಣಿ.

ಡಿಪಿಎಸ್‌ಗೆ ಹೋಗುವುದನ್ನು ದಯವಿಟ್ಟು ಮುಂದೆ ಹಾಕಬೇಡಿ. 2019ರ ಜನವರಿಯಲ್ಲಿ ಏನಾಯಿತು ನೆನಪಿದೆಯಾ? ನೋಂದಾಯಿಸಿಕೊಂಡವರಲ್ಲಿ ಸುಮಾರು 95,000 ಮಂದಿ ನಾಗರಿಕರಲ್ಲದಿರಬಹುದು ಅಂತ ಟೆಕ್ಸಾಸ್ ಸರ್ಕಾರ ಪಟ್ಟಿ ಹೊರಡಿಸಿತು. ಆ ಪಟ್ಟಿ ಮಾಡಿದ್ದು ಲೈಸೆನ್ಸ್ ದಾಖಲೆ ನೋಡಿ. ಗ್ರೀನ್ ಕಾರ್ಡ್ ತೋರಿಸಿ ಲೈಸೆನ್ಸ್ ಮಾಡಿಸಿಕೊಂಡು, ಆಮೇಲೆ ಪೌರತ್ವ ಪಡೆದವರು ಡಿಪಿಎಸ್ ಕಣ್ಣಿಗೆ ಇನ್ನೂ ಹೊರಗಿನವರೇ. ನಮ್ಮಂಥವರೇ ಅಲ್ವಾ? ಕೆಲವರಿಗೆ 30 ದಿನದಲ್ಲಿ ಪೌರತ್ವ ಸಾಬೀತು ಮಾಡಿ ಅಂತ ಕಾಗದವೂ ಹೋಯಿತು. ಕೊನೆಗೆ ಕೇಸುಗಳಾಗಿ ಏಪ್ರಿಲ್‌ನಲ್ಲಿ ಸರ್ಕಾರ ಆ ಕೆಲಸ ಕೈಬಿಟ್ಟಿತು. ಕಾನೂನಿನಂತೆ ನಡೆದುಕೊಂಡ ಜನರನ್ನು ಹಾಗೆ ಹೆದರಿಸಿದ್ದು ನನಗೆ ಇವತ್ತಿಗೂ ನೋವಿನ ವಿಷಯ. ಅಂಥ ಕಾಗದ ಬಂದರೆ ಸುಮ್ನೆ ಒಂದು ಕಡೆ ಇಡಬೇಡಿ, ಪಾಸ್‌ಪೋರ್ಟಿನ ಪ್ರತಿ ಜೊತೆಗೆ ತಕ್ಷಣ ಉತ್ತರ ಕೊಡಿ.

ಹೆಚ್-1ಬಿ ಕೆಲಸದ ವೀಸಾ, ಗ್ರೀನ್ ಕಾರ್ಡ್‌ನಲ್ಲಿರುವವರು ಲೈಸೆನ್ಸ್ ಮಾಡಿಸುವಾಗ 'ಮತದಾರರಾಗಿ ನೋಂದಾಯಿಸಬೇಕಾ' ಅನ್ನುವ ಪ್ರಶ್ನೆಗೆ ಕಣ್ಣುಮುಚ್ಚಿ ಟಿಕ್ ಹಾಕಬೇಡಿ. ನಾಗರಿಕರಲ್ಲದೆ ವೋಟು ಹಾಕಿದರೆ, ನಾಗರಿಕ ಅಂತ ಹೇಳಿಕೊಂಡರೆ, ದೇಶದಿಂದ ಹೊರಗೆ ಹಾಕುವವರೆಗೂ ಹೋಗಬಹುದು.

ಅಪ್ಪ ಅಮ್ಮ ಇಲ್ಲೇ ಇದ್ದು ನಾಗರಿಕರಾಗಿದ್ದರೆ, 65 ದಾಟಿದವರು ಅಂಚೆಯಲ್ಲಿ ವೋಟು ಹಾಕಬಹುದು. ಮನೆಯಿರುವ ಕೌಂಟಿ ಬಿಟ್ಟು ಬೇರೆ ಕಡೆ ಓದುವ ಮಕ್ಕಳೂ ಅಂಚೆ ವೋಟು ಕೇಳಬಹುದು. 2021ರ ಕಾನೂನು ಬಂದ ಮೇಲೆ ಇದರಲ್ಲಿ ಜಾಸ್ತಿ ಎಚ್ಚರ ಬೇಕು. ಲೈಸೆನ್ಸ್ ನಂಬರ್ ಅಥವಾ ಸೋಶಿಯಲ್ ಸೆಕ್ಯೂರಿಟಿ ನಂಬರಿನ ಕೊನೆಯ ನಾಲ್ಕು ಅಂಕಿ ಬರೆಯಬೇಕು, ಅದು ನೋಂದಣಿಯಲ್ಲಿರುವ ನಂಬರಿಗೆ ಹೊಂದಬೇಕು. ಬರೆಯುವ ಜಾಗ ಲಕೋಟೆಯ ಮಡಿಕೆಯ ಕೆಳಗಿತ್ತು, ಎಷ್ಟೋ ಜನ ನೋಡಲೇ ಇಲ್ಲ. 2022ರ ಮಾರ್ಚ್ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ) 24,000ಕ್ಕೂ ಹೆಚ್ಚು ಅಂಚೆ ವೋಟುಗಳು, ಅಂದರೆ ಶೇ 12ರಷ್ಟು, ತಿರಸ್ಕಾರವಾದವು. ಎರಡೂ ನಂಬರ್ ಬರೆಯಿರಿ. ನೇರವಾಗಿ ಮತಗಟ್ಟೆಗೆ ಹೋಗುವ ಹಿರಿಯರಿಗೆ ಒಂದು ಅನುಕೂಲ ಇದೆ: 70 ದಾಟಿದ್ದರೆ ಅವಧಿ ಮುಗಿದ ಐಡಿ ಎಷ್ಟು ಹಳೆಯದಾದರೂ ನಡೆಯುತ್ತದೆ. ಉಳಿದವರಿಗೆ ನಾಲ್ಕು ವರ್ಷದವರೆಗೆ.

ಊರಿನ ವೋಟಿನ ಬಗ್ಗೆಯೂ ಕೆಲವರು ಕೇಳಿದ್ದರು. ಓಸಿಐ ಕಾರ್ಡ್ (ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವುದು) ಇದ್ದವರಿಗೆ ಅಲ್ಲಿ ವೋಟಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದವರು ಫಾರ್ಮ್ 6ಎ ತುಂಬಿ ಹೆಸರು ಸೇರಿಸಬಹುದು, ಆದರೆ ವೋಟು ಹಾಕಲು ಅಸಲಿ ಪಾಸ್‌ಪೋರ್ಟ್ ಹಿಡಿದು ಊರಿಗೇ ಹೋಗಬೇಕು.

ಜಾರ್ಜಿಯಾ, ಫ್ಲಾರಿಡಾ ಕಡೆಯವರು ನಿಮ್ಮ ರಾಜ್ಯದಲ್ಲಿ ಯಾವ ಐಡಿ ಕೇಳಿದರು, ಹೆಸರಿನ ವಿಷಯದಲ್ಲಿ ಏನಾಯಿತು ಅಂತ ಬರೆಯಿರಿ. ಕೆಲಸ ಬದಲಾಗಿ ಆ ಕಡೆ ಹೊರಟವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.