ಕಡಲ ಬಗ್ಗೆ ಓದಬೇಕು, ಡಿಗ್ರಿಗೆ ಯಾವ ಕಾಂಬಿನೇಷನ್ ತಗೊಳ್ಳಲಿ?

ಮಲ್ಪೆಹುಡುಗಿ:
ಎಲ್ಲರಿಗೂ ನಮಸ್ಕಾರ. ಈ ವರ್ಷ ಸೆಕೆಂಡ್ ಪಿಯುಸಿ ಮುಗೀತು, ಪಿಸಿಎಂಬಿ. ಅಪ್ಪ ಬೋಟಿಗೆ ಹೋಗುವವರು. ಈಗ ಜೂನ್-ಜುಲೈ ಮೀನುಗಾರಿಕೆ ನಿಷೇಧ ಇರುವುದರಿಂದ ಮನೆಯಲ್ಲೇ ಇದ್ದಾರೆ, ರಾತ್ರಿ ಊಟಕ್ಕೆ ಕೂತರೆ ನನ್ನ ಡಿಗ್ರಿಯದೇ ಮಾತು. ನನಗೆ ಮೀನಿಗಿಂತ ನೀರಿನ ಮೇಲೆ ಆಸೆ. ಎಲ್ಲಿ ಮೀನು ಸಿಗಬಹುದು ಅಂತ ಅಪ್ಪನ ಫೋನಿಗೆ ಮಾಹಿತಿ ಬರುತ್ತದೆ, ಅದನ್ನು ಹೇಗೆ ಲೆಕ್ಕ ಹಾಕುತ್ತಾರೆ? ಮಳೆಗಾಲದಲ್ಲಿ ನಮ್ಮ ತೀರದ ಮರಳು ಎಲ್ಲಿಗೆ ಹೋಗುತ್ತದೆ, ಆಮೇಲೆ ಹೇಗೆ ವಾಪಸ್ ಬರುತ್ತದೆ? ಇಂಥದ್ದನ್ನು ಓದಬೇಕು.

ಆದರೆ ಬಿಎಸ್ಸಿಯಲ್ಲಿ ಓಶನೋಗ್ರಫಿ, ಅಂದರೆ ಕಡಲ ವಿಜ್ಞಾನ, ಅಂತ ಹತ್ತಿರದಲ್ಲಿ ಎಲ್ಲೂ ಸಿಗುತ್ತಿಲ್ಲ. ಪರಿಚಯದವರೊಬ್ಬರು ಎನ್ವಿರಾನ್‌ಮೆಂಟಲ್ ಸೈನ್ಸ್ ತಗೋ, ಎಲ್ಲಾ ಒಂದೇ ಅಂದರು. ಇನ್ನೊಬ್ಬರು ಜಿಯಾಲಜಿ ಅಂದರು. ಗಣಿತದಲ್ಲಿ 61 ಬಂದಿದೆ, ನನಗೆ ಅದು ಕಷ್ಟ. ಡಿಗ್ರಿಯಲ್ಲಿ ಗಣಿತ ಬಿಟ್ಟರೆ ನಡೆಯುತ್ತಾ? ದೂರ ಹೋಗಿ ಹಾಸ್ಟೆಲಿನಲ್ಲಿ ಇರುವಷ್ಟು ದುಡ್ಡು ಸದ್ಯಕ್ಕೆ ಇಲ್ಲ.

ಸುತ್ತಿಗೆ_ದಿಕ್ಸೂಚಿ:
ತಂಗಿ, ಗಣಿತ ಬಿಡಬೇಡ. ನಾನು ಬಿಟ್ಟು ಪಟ್ಟ ಪಾಡು ಸಾಕು. ನಮ್ಮ ಕಾಲೇಜಿನಲ್ಲಿ ಜಿಯಾಲಜಿ ಜೊತೆ ಗಣಿತ ಇರುವ ಕಾಂಬಿನೇಷನ್‌ಗೆ ಸೀಟು ತುಂಬಿದೆ ಅಂದರು, ನಾನೂ ಕೇಳದೆ ಸಿಕ್ಕಿದ್ದಕ್ಕೆ ಸೇರಿದೆ. ಮೂರು ವರ್ಷ ಆದ ಮೇಲೆ ಜಿಯೋಫಿಸಿಕ್ಸ್ (ಭೂಭೌತಶಾಸ್ತ್ರ) ಎಂಎಸ್ಸಿಗೆ ಅರ್ಜಿ ಹಾಕಲು ಹೋದರೆ ಡಿಗ್ರಿಯಲ್ಲಿ ಗಣಿತ ಬೇಕು ಅಂತ ಅಲ್ಲಿ ಬರೆದಿತ್ತು. ಅವತ್ತು ಅತ್ತಿದ್ದು ಇನ್ನೂ ನೆನಪಿದೆ.

ಜಿಯಾಲಜಿಯಲ್ಲಿ ಏನಿರುತ್ತದೆ ಅಂದರೆ ಖನಿಜ, ಶಿಲೆ, ಪಳೆಯುಳಿಕೆ, ಭೂಪದರದ ರಚನೆ, ಜೊತೆಗೆ ಫೀಲ್ಡ್ ವರ್ಕ್. ಸುತ್ತಿಗೆ, ಬ್ರಂಟನ್ ದಿಕ್ಸೂಚಿ, ಟೋಪೋಶೀಟ್ ಅನ್ನುವ ನಕ್ಷೆ ಹಿಡಿದು ಬಿಸಿಲಲ್ಲಿ ಅಲೆಯಬೇಕು, ವಾಪಸ್ ಬಂದು ರಿಪೋರ್ಟ್ ಬರೆಯಬೇಕು, ಅದಕ್ಕೂ ಅಂಕ ಇದೆ. ನಿನ್ನ ಊರಿನ ಎದುರಿಗೇ ಇರುವ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಬಂಡೆಗಳು ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು. ಅಲ್ಲಿಗೆ ಮೊದಲ ಸಲ ಫೀಲ್ಡಿಗೆ ಹೋದ ದಿನವೇ ಈ ವಿಷಯ ನನ್ನನ್ನು ಹಿಡಿದುಕೊಂಡಿದ್ದು.

ಕೆಲಸದ ಮಾತು: ಜಿಯಾಲಾಜಿಕಲ್ ಸರ್ವೆಯ ಭೂವಿಜ್ಞಾನಿ ಹುದ್ದೆಗೆ ಯುಪಿಎಸ್‌ಸಿ ಪರೀಕ್ಷೆ ಬರೆಯಲು ಡಿಗ್ರಿ ಸಾಲದು, ಎಂಎಸ್ಸಿ ಬೇಕು. ಅರ್ಹತೆಯ ಪಟ್ಟಿಯಲ್ಲಿ ಮರೈನ್ ಜಿಯಾಲಜಿ, ಅಂದರೆ ಕಡಲ ಭೂವಿಜ್ಞಾನವೂ ಇದೆ. ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ, ಅಂದರೆ ಕೊಣಾಜೆಯಲ್ಲಿ, ಮರೈನ್ ಜಿಯಾಲಜಿ ವಿಭಾಗವೇ ಇದೆ. ನಿನ್ನ ಮರಳಿನ ಪ್ರಶ್ನೆ ಅವರದ್ದೇ ವಿಷಯ.

ಕೊಚ್ಚಿಯಿಂದ:
ನಾನು ಕೊಚ್ಚಿಯ ವಿಜ್ಞಾನ-ತಂತ್ರಜ್ಞಾನ ವಿಶ್ವವಿದ್ಯಾನಿಲಯವಾದ ಕುಸಾಟ್‌ನಲ್ಲಿ ಫಿಸಿಕಲ್ ಓಶನೋಗ್ರಫಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಊರು ಕುಮಟಾ. ನಮ್ಮ ದೇಶದಲ್ಲಿ ಹೆಚ್ಚಿನವರು ಕಡಲ ವಿಜ್ಞಾನಕ್ಕೆ ಬರುವುದು ಎಂಎಸ್ಸಿಯಲ್ಲಿ. ಹಾಗಾಗಿ ಬಿಎಸ್ಸಿಯಲ್ಲಿ ಆ ಹೆಸರು ಇಲ್ಲ ಅಂತ ಬೇಜಾರಾಗಬೇಡಿ.

ನಿಮ್ಮ ತಂದೆಯ ಫೋನಿಗೆ ಬರುವ ಮಾಹಿತಿ ಹೈದರಾಬಾದಿನಲ್ಲಿರುವ ಕೇಂದ್ರ ಸರ್ಕಾರದ ಕಡಲ ಮಾಹಿತಿ ಸಂಸ್ಥೆ ಇನ್‌ಕಾಯ್ಸ್‌ನಿಂದ ಹೊರಡುತ್ತದೆ. ಉಪಗ್ರಹದಿಂದ ಕಡಲ ಮೇಲ್ಮೈಯ ಉಷ್ಣತೆ ನೋಡುತ್ತಾರೆ, ನೀರಿನ ಬಣ್ಣದಿಂದ ಕ್ಲೋರೋಫಿಲ್ ಎಷ್ಟಿದೆ ಅಂತ ತಿಳಿಯುತ್ತಾರೆ. ತಣ್ಣನೆಯ ನೀರೂ ಬೆಚ್ಚನೆಯ ನೀರೂ ಸೇರುವ ಅಂಚಿನಲ್ಲಿ ಪಾಚಿಯಂಥ ಸಣ್ಣ ಸಸ್ಯಗಳು ಜಾಸ್ತಿ, ಅದನ್ನು ತಿನ್ನುವ ಸಣ್ಣ ಜೀವಿಗಳು ಜಾಸ್ತಿ, ಅವುಗಳ ಹಿಂದೆ ಬೂತಾಯಿ, ಬಂಗುಡೆ. ಕೇಳಲು ಸುಲಭ. ಆದರೆ ಆ ಅಂಚು ನಾಳೆ ಎಲ್ಲಿಗೆ ಸರಿಯುತ್ತದೆ ಅಂತ ಹೇಳಲು ನೀರಿನ ಹರಿವಿನ ಸಮೀಕರಣಗಳು ಬೇಕು, ಕಲನಶಾಸ್ತ್ರ ಬೇಕು, ಸ್ವಲ್ಪ ಪ್ರೋಗ್ರಾಮಿಂಗ್ ಬೇಕು. ಆದ್ದರಿಂದ ನೀರೇ ನಿಮ್ಮ ಆಸೆಯಾದರೆ ಜಿಯಾಲಜಿಗಿಂತ ಭೌತಶಾಸ್ತ್ರ-ಗಣಿತ ಗಟ್ಟಿ ತಳಪಾಯ. ಮೇಲೆ ಬರೆದ ಅಣ್ಣನ ಮಾತನ್ನು ಇಷ್ಟರ ಮಟ್ಟಿಗೆ ನಾನು ಒಪ್ಪುವುದಿಲ್ಲ. 61 ಕಡಿಮೆ ಏನಲ್ಲ. ನನಗೆ ಪಿಯುಸಿಯಲ್ಲಿ 58 ಇತ್ತು, ಅಲೆಯ ಲೆಕ್ಕ ಮಾಡಲು ಶುರು ಮಾಡಿದ ಮೇಲೆ ಗಣಿತ ಯಾಕೆ ಬೇಕು ಅಂತ ಅರ್ಥವಾಯಿತು.

ಪರಿಸರ_ಮೇಷ್ಟ್ರಮ್ಮ:
ಎಲ್ಲಾ ಒಂದೇ ಅಂದವರು ಬಹುಶಃ ಎಲ್ಲ ಡಿಗ್ರಿಯಲ್ಲೂ ಕಡ್ಡಾಯವಾಗಿ ಬರುವ ಪರಿಸರ ಅಧ್ಯಯನದ ಪೇಪರನ್ನು ನೆನೆಸಿಕೊಂಡಿರಬೇಕು. 1991ರಲ್ಲಿ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಅದು ಬಂದಿದ್ದು. ಪರಿಸರ ವಿಜ್ಞಾನದ ಡಿಗ್ರಿ ಬೇರೆ. ನೀರು, ಗಾಳಿ, ಮಣ್ಣಿನ ಪರೀಕ್ಷೆ, ತ್ಯಾಜ್ಯ, ಜೀವವೈವಿಧ್ಯ, ಯೋಜನೆಗಳ ಪರಿಣಾಮದ ಅಂದಾಜು, ಇದೆಲ್ಲ ಇರುತ್ತದೆ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರದ ಪಾಲೇ ಹೆಚ್ಚು. ಒಳ್ಳೆಯ ಓದು, ನಾನು ಅದನ್ನೇ ಪಾಠ ಮಾಡುವವಳು. ಆದರೆ ನೀನು ಕೇಳಿದ ಎರಡು ಪ್ರಶ್ನೆಗೂ ಅಲ್ಲಿ ಪೂರ್ತಿ ಉತ್ತರ ಸಿಗುವುದಿಲ್ಲ ಮಗಳೇ.

ಇನ್ನೊಂದು ವಿಷಯ. ಸೇರುವ ಮೊದಲು, ಮುಂದೆ ಓದಬೇಕಿರುವ ಎರಡು-ಮೂರು ಎಂಎಸ್ಸಿಗಳ ಪ್ರವೇಶ ಅಧಿಸೂಚನೆ ತೆಗೆದು ಅರ್ಹತೆಯ ಭಾಗ ಮಾತ್ರ ಓದು. ಡಿಗ್ರಿಯಲ್ಲಿ ಯಾವ ವಿಷಯ ಎಷ್ಟು ಸೆಮಿಸ್ಟರ್ ಓದಿರಬೇಕು ಅಂತ ಅಲ್ಲೇ ಇರುತ್ತದೆ. ಮಕ್ಕಳು ಇದನ್ನು ಕೊನೆಯ ವರ್ಷ ನೋಡುತ್ತಾರೆ, ಆಗ ತಡವಾಗಿರುತ್ತದೆ. ನಮ್ಮ ರಾಜ್ಯದಲ್ಲಿ 2024-25ರಿಂದ ಡಿಗ್ರಿ ಮತ್ತೆ ಮೂರು ವರ್ಷಕ್ಕೆ ಬಂದಿದೆ, ನಾಲ್ಕು ವರ್ಷದ ಹಳೆಯ ಪುಸ್ತಿಕೆ ನೋಡಿ ಗೊಂದಲ ಮಾಡಿಕೊಳ್ಳಬೇಡ.

ಮಲ್ಪೆಹುಡುಗಿ:
ಅಣ್ಣ, ಮೇಡಂ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಎಲ್ಲಾ ಓದಿ ಹೇಳಿದೆ. ಆ ಮಾಹಿತಿ ಹೈದರಾಬಾದಿನಿಂದ ಬರುವುದು ಅಂತ ಕೇಳಿ ಅವರು ತುಂಬಾ ಹೊತ್ತು ಸುಮ್ನೆ ಕೂತಿದ್ದರು. ಉಡುಪಿಯಲ್ಲೇ ಫಿಸಿಕ್ಸ್, ಗಣಿತ ಇರುವ ಕಾಂಬಿನೇಷನ್ ನೋಡುತ್ತೇನೆ, ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಬರಬಹುದು. ಕೊಚ್ಚಿ ಅಣ್ಣ, ಈ ಎರಡು ತಿಂಗಳು ರಜೆಯಲ್ಲಿ ಏನು ಶುರು ಮಾಡಲಿ?

ಕೊಚ್ಚಿಯಿಂದ:
ಪೈಥಾನ್ ಶುರು ಮಾಡಿ, ಉಚಿತ, ಸಾಧಾರಣ ಲ್ಯಾಪ್‌ಟಾಪ್ ಸಾಕು. ಇನ್ನೊಂದು, ದಿನಾ ಒಂದೇ ಹೊತ್ತಿಗೆ ತೀರಕ್ಕೆ ಹೋಗಿ, ಒಂದೇ ಜಾಗದಲ್ಲಿ ನಿಂತು ಒಂದು ಫೋಟೋ ತೆಗೆಯಿರಿ. ಮಳೆ ಮುಗಿದ ಮೇಲೂ ಬಿಡಬೇಡಿ, ಡಿಸೆಂಬರ್ ತನಕ ತೆಗೆಯಿರಿ. ಮರಳು ಹೋಗಿ ಬರುವುದು ಅದರಲ್ಲೇ ಕಾಣುತ್ತದೆ. ಆ ಫೋಟೋಗಳನ್ನು ಇಲ್ಲೇ ಹಾಕಿ, ನಾನೂ ನೋಡಬೇಕು.