ಟೆಂಡರ್ ಬರೆಯುವವನ ವಸೂಲಿ ಕೆಲಸ

"ದಿನವಿಡೀ ನೀನು ಬರೆಯುವುದಾದರೂ ಏನಯ್ಯಾ?" ಎಂದು ಉಪನ್ಯಾಸಕ ಗೆಳೆಯ ಕೇಳಿದ. ಕಟ್ಟಡಗಳ ಮೌಲ್ಯಮಾಪನ, ಬಾಡಿಗೆ ಕರಾರಿನ ಸಲಹೆ, ಆಸ್ತಿ ನಿರ್ವಹಣೆ ಮುಂತಾದ ಸೇವೆಗಳನ್ನು ಕೊಡುವ ಸಂಸ್ಥೆಯಲ್ಲಿ ಟೆಂಡರ್ ಪ್ರಸ್ತಾವನೆಗಳ ಹೊಣೆ ಹೊತ್ತಿರುವ ನಾನು, ಬರೆಯುವುದು ಅಲ್ಪ, ವಸೂಲಿಯೇ ಹೆಚ್ಚು ಎಂದು ಒಪ್ಪಿಕೊಂಡೆ.

"ಹಣದ ವಸೂಲಿಯೇ?"

"ಹಣವಾಗಿದ್ದರೆ ಎಂದೋ ಕೊಟ್ಟುಬಿಡುತ್ತಿದ್ದರು. ಪ್ರಸ್ತಾವನೆಗೆ ಲಗತ್ತಿಸಲು ಸಹೋದ್ಯೋಗಿಗಳಿಂದ ನಾನು ಬೇಡುವುದು ಎರಡು ಪುಟದ ಬಯೋಡೇಟಾ. ಬಹುಮಹಡಿ ಕಟ್ಟಡದ ಮುಂದೆ ನಿಂತು ಅದರ ಬೆಲೆಯನ್ನು ಥಟ್ಟನೆ ಅಂದಾಜು ಮಾಡುವ ನಮ್ಮ ಹಿರಿಯ ಮೌಲ್ಯಮಾಪಕರಿಗೆ, ತಮ್ಮ ಅನುಭವ ಎಷ್ಟು ವರ್ಷದ್ದೆಂದು ಬರೆದುಕೊಡಲು ಎರಡು ವಾರವೂ ಸಾಲಲಿಲ್ಲ. ಕೊನೆಗೆ ಕೈಗೆ ಬಂದದ್ದು ಹನ್ನೊಂದು ಪುಟ. ಅದರಲ್ಲಿ ಕಾಲೇಜಿನ ಚದುರಂಗದ ಬಹುಮಾನವಿತ್ತು, ವೃತ್ತಿ ನೋಂದಣಿಯ ಸಂಖ್ಯೆ ಮಾತ್ರ ಇರಲಿಲ್ಲ."

"ಹಳೆಯ ಪ್ರಸ್ತಾವನೆಯಲ್ಲಿ ಹೆಸರು ಬದಲಿಸಿ ಕಳಿಸಿಬಿಡು," ಎಂದ ಲೆಕ್ಕಪರಿಶೋಧಕ ಗೆಳೆಯ.

"ಅದೂ ಆಗಿದೆ. ಗೋದಾಮಿನ ನಿರ್ವಹಣೆಗೆಂದು ಬರೆದಿದ್ದರಲ್ಲಿ 'ಗೋದಾಮು' ಇದ್ದಲ್ಲೆಲ್ಲ 'ಆಸ್ಪತ್ರೆ' ಎಂದು ಒಂದೇ ಏಟಿಗೆ ಬದಲಿಸಿದೆ. 'ನಿಮ್ಮ ಆಸ್ಪತ್ರೆಗೆ ಬಂದದ್ದೆಲ್ಲವೂ ತಡವಿಲ್ಲದೆ ಖಾಲಿಯಾಗುವಂತೆ ನೋಡಿಕೊಳ್ಳುತ್ತೇವೆ' ಎಂಬ ಭರವಸೆ ಹೇಗೋ ಕೊನೆಯ ಗಳಿಗೆಯಲ್ಲಿ ಕಣ್ಣಿಗೆ ಬಿತ್ತು."

ನಗು ನಿಂತ ಮೇಲೆ ಉಪನ್ಯಾಸಕ, ಸಂದೇಹಗಳಿದ್ದರೆ ಟೆಂಡರ್ ಕರೆದವರನ್ನೇ ಕೇಳಬಾರದೇಕೆ ಎಂದ. ಪ್ರಸ್ತಾವನೆ ಸಲ್ಲಿಸುವ ಮುನ್ನ ಅವರು ನಡೆಸುವ ಪ್ರೀ-ಬಿಡ್ ಸಭೆ ಇರುವುದು ಅದಕ್ಕೇ. ಆದರೆ ಅಲ್ಲಿ ಒಬ್ಬನ ಪ್ರಶ್ನೆಗೆ ಕೊಟ್ಟ ಉತ್ತರ ಸ್ಪರ್ಧಿಗಳೆಲ್ಲರಿಗೂ ತಲುಪುವುದರಿಂದ, ಜಾಣತನದ ಪ್ರಶ್ನೆ ಕೇಳುವುದೆಂದರೆ ಎದುರಾಳಿಗೆ ಪುಕ್ಕಟೆ ಪಾಠ ಹೇಳಿದಂತೆ. ಹಾಗಾಗಿ ಎಲ್ಲರೂ ಮಹಾಮೌನಿಗಳಾಗಿ ಕುಳಿತಿರುತ್ತಾರೆ.

"ಇಷ್ಟು ಮಾಡಿ ಗೆದ್ದಿರೋ ಇಲ್ಲವೋ?"

"ತಾಂತ್ರಿಕ ಬಿಡ್‌ಗೆ, ಅಂದರೆ ದರ ಬಿಟ್ಟು ನಮ್ಮ ಅರ್ಹತೆ, ಅನುಭವಗಳನ್ನು ಹೇಳುವ ಭಾಗಕ್ಕೆ 70, ದರಕ್ಕೆ 30 ಎಂಬ ತೂಕವಿದ್ದ ಟೆಂಡರದು. ತಾಂತ್ರಿಕ ಅಂಕ ನಮಗೆ ನೂರಕ್ಕೆ 90, ಎದುರಾಳಿಗೆ 80. ದರ ಮಾತ್ರ ನಾವು 100 ಕೇಳಿದ ಕೆಲಸಕ್ಕೆ ಅವರು 60 ಕೇಳಿದ್ದರು."

ಲೆಕ್ಕಪರಿಶೋಧಕನ ಪೆನ್ನು ಆಗಲೇ ಹೊರಬಂದಿತ್ತು. "ನಿಮ್ಮ 90 ಇಳಿದು 63 ಆಯಿತು, ಅವರ 80 ಇಳಿದು 56. ಅತಿ ಕಡಿಮೆ ದರದವರಿಗೆ ಪೂರ್ತಿ 30. ಅದೇ ಅನುಪಾತದಲ್ಲಿ ನಿಮಗೆ 18. ಒಟ್ಟು ನಿಮ್ಮದು 81, ಅವರದು 86. ಬರವಣಿಗೆಯಲ್ಲಿ 7 ಗಳಿಸಿ ದರದಲ್ಲಿ 12 ಕಳೆದುಕೊಂಡಿದ್ದೀರಿ."

"ಆದರೂ ನಮ್ಮ ಕಚೇರಿಯ ಸಭೆಯಲ್ಲಿ ಎದ್ದು ನಿಂತು ಉತ್ತರಿಸಬೇಕಾದವನು ನಾನು, ದರ ಹಾಕಿದವರಲ್ಲ! ಮಾರಾಯ, ಈ ಲೆಕ್ಕವನ್ನೇ ಒಂದು ಪುಟದಲ್ಲಿ ಚೊಕ್ಕವಾಗಿ ಬರೆದುಕೊಡು, ಸೋಮವಾರ ಮೇಲಿನವರ ಮುಂದಿಡುತ್ತೇನೆ."

ಆತ ಪೆನ್ನನ್ನು ಜೇಬಿಗಿಳಿಸಿ, ಬಹಳ ಗಂಭೀರವಾಗಿ, "ಎರಡು ವಾರ ಕಾಲಾವಕಾಶ ಕೊಡು," ಎಂದ.